ನೀರಿನ ಕಡೆ ತಲೆಯೇ ಹಾಕದ ನೀರಹಕ್ಕಿ: ಆಫ್ರಿಕಾದ ಕಿರೀಟದ ಟಿಟ್ಟಿಭ ನೋಡಿದವರು ಯಾರಾದರೂ ಇದ್ದೀರಾ?

ಅಥಿಬಯಲು | ಸೆಪ್ಟೆಂಬರ್ 2

ನೈರೋಬಿಗೆ ಬಂದು ಮೂರು ವರ್ಷ ಆಯಿತು. ನನಗೆ ಹಕ್ಕಿ ನೋಡುವ ಹುಚ್ಚೇನೂ ಇರಲಿಲ್ಲ. ಇದೆಲ್ಲ ಶುರುವಾಗಿದ್ದು ಅಮ್ಮನಿಂದ.

ಜುಲೈನಲ್ಲಿ ಅಮ್ಮ ಊರಿನಿಂದ ಬಂದಿದ್ದರು. ಒಂದು ಭಾನುವಾರ ನೈರೋಬಿ ನ್ಯಾಷನಲ್ ಪಾರ್ಕಿಗೆ ಕರೆದುಕೊಂಡು ಹೋದೆ. ಪಟ್ಟಣಕ್ಕೆ ಅಂಟಿಕೊಂಡೇ 117 ಚದರ ಕಿಲೋಮೀಟರ್ ಜಾಗ. ಕಾಡು ಅಂತಾರೆ, ಆದರೆ ಜಾಸ್ತಿ ಭಾಗ ಬಯಲೇ. ಮೂರು ಕಡೆ ಬೇಲಿ ಇದೆ, ದಕ್ಷಿಣಕ್ಕೆ ಅಥಿ-ಕಪಿತಿ ಬಯಲಿಗೆ ಬಾಯಿ ತೆರೆದುಕೊಂಡಿದೆ. ಅವತ್ತು ಸಿಂಹ ಸಿಗಲಿಲ್ಲ. ಡ್ರೈವರ್ ಪಾಪ ಎಡಗಡೆ ಘೇಂಡಾಮೃಗ ತೋರಿಸುತ್ತಿದ್ದಾನೆ. ಅಮ್ಮ ಬಲಗಡೆ ಕಿಟಕಿಗೆ ಮುಖ ಒತ್ತಿಕೊಂಡು "ಅಯ್ಯೋ, ನಮ್ಮ ಟಿಟ್ಟಿಭ ಇಲ್ಲೂ ಇದೆಯಲ್ಲೋ!" ಅನ್ನುತ್ತಿದ್ದಾರೆ.

ನೋಡಿದರೆ ಹೌದು ಅನ್ನಿಸುತ್ತದೆ, ಅಲ್ಲ ಅಂತಲೂ ಅನ್ನಿಸುತ್ತದೆ. ಅದೇ ಉದ್ದ ಕಾಲು, ಅದೇ ನೆಟ್ಟಗಿನ ನಿಲುವು, ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುವ ಅದೇ ಚಾಳಿ. ಆದರೆ ಕಣ್ಣಿನ ಮುಂದೆ ಕೆಂಪು ಚರ್ಮ ಇಲ್ಲ. ತಲೆ ಮೇಲೆ ಕಪ್ಪು ಟೋಪಿ, ಟೋಪಿ ಒಳಗೆ ಸುತ್ತಲೂ ಒಂದು ಬಿಳಿ ಉಂಗುರ. ಕಾಲು ಕೆಂಪು, ಕೊಕ್ಕು ಕೆಂಪು, ಕೊಕ್ಕಿನ ತುದಿ ಮಾತ್ರ ಕಪ್ಪು. ಮೈ ಮಣ್ಣಿನ ಬಣ್ಣ, ಹೊಟ್ಟೆ ಬಿಳಿ. ಡ್ರೈವರ್ ಹಿಂದೆ ತಿರುಗದೆಯೇ "ಕ್ರೌನ್ಡ್ ಲ್ಯಾಪ್‌ವಿಂಗ್" ಅಂದ.

ಮನೆಗೆ ಬಂದು ಓದಿದರೆ ಇದನ್ನು ವೇಡರ್ ಗುಂಪಿಗೆ ಸೇರಿಸಿದ್ದಾರೆ. ಅಂದರೆ ನೀರಿನಲ್ಲಿ, ಕೆಸರಿನಲ್ಲಿ ಕಾಲಾಡಿಸುವ ಹಕ್ಕಿಗಳ ಗುಂಪು. ನಾನು ನೋಡಿದ ಜಾಗದಲ್ಲಿ ನೀರಿನ ಸುಳಿವೇ ಇರಲಿಲ್ಲ. ಒಣಗಿದ ನೆಲ, ಬೆರಳುದ್ದದ ಹುಲ್ಲು, ಅಷ್ಟೇ. ಆಮೇಲೆ ನಾಲ್ಕು ಭಾನುವಾರ ಹೋಗಿದ್ದೇನೆ. ಪ್ರತಿ ಸಲವೂ ಅಂಥ ಜಾಗದಲ್ಲೇ ಸಿಕ್ಕಿದೆ. ಕೆರೆ ಹತ್ತಿರ ಒಂದು ಸಲವೂ ಇಲ್ಲ. ಯಾಕೆ? ಗೊತ್ತಿದ್ದವರು ಹೇಳಿ.

ಬೈನಾಕ್ಯುಲರ್_ಭಟ್ಟ | ಸೆಪ್ಟೆಂಬರ್ 2

ಮೊದಲು ಅಮ್ಮನವರಿಗೆ ನನ್ನ ನಮಸ್ಕಾರ ಹೇಳಿ. ಕಣ್ಣು ಚೆನ್ನಾಗಿದೆ ಅವರದು.

ವೇಡರ್ ಅನ್ನುವುದು ಮನೆತನದ ಹೆಸರು, ಕಸುಬಿನ ಹೆಸರಲ್ಲ. ಪಟೇಲರ ಮನೆ ಅಂತ ಹೆಸರಿದ್ದ ಮಾತ್ರಕ್ಕೆ ಆ ಮನೆಯವರೆಲ್ಲ ಈಗ ಪಟೇಲಿಕೆ ಮಾಡುತ್ತಾರಾ? ಇದೂ ಹಾಗೇ. ಉಲ್ಲಂಕಿ, ಪ್ಲವರ್, ಟಿಟ್ಟಿಭ ಎಲ್ಲ ಒಂದೇ ಬಳಗ. ಬಳಗದ ಜಾಸ್ತಿ ಜನ ನೀರಂಚಿನಲ್ಲೇ ಉಳಿದರು, ಕೆಲವರು ಬಯಲು ಸೇರಿದರು. ಬಯಲು ಸೇರಿದವರಲ್ಲಿ ಈ ಕಿರೀಟದವನೂ ಒಬ್ಬ.

ಅಮ್ಮ "ನಮ್ಮ ಟಿಟ್ಟಿಭ" ಅಂದಿದ್ದೂ ತಪ್ಪಲ್ಲ. ನಮ್ಮ ಕೆಂಪು ಟಿಟ್ಟಿಭ, ಹಳದಿ ಟಿಟ್ಟಿಭ, ಈ ಕಿರೀಟದ ಟಿಟ್ಟಿಭ ಮೂರೂ ವನೆಲ್ಲಸ್ ಅನ್ನುವ ಒಂದೇ ಕುಲ. ನನಗೆ ಇಷ್ಟವಾದ ವಿಷಯ ಬೇರೆ ಇದೆ. ಮೂರಕ್ಕೂ ವೈಜ್ಞಾನಿಕ ಹೆಸರು ಬಂದಿದ್ದು ಒಂದೇ ವರ್ಷ, 1783ರಲ್ಲಿ. ಇಟ್ಟವರೂ ಒಬ್ಬರೇ, ಪೀಟರ್ ಬೊಡ್ಡಾರ್ಟ್ ಅನ್ನುವ ಡಚ್ ವೈದ್ಯರು. ಫ್ರಾನ್ಸಿನಲ್ಲಿ ಹಕ್ಕಿಗಳ ಬಣ್ಣದ ಚಿತ್ರಗಳ ದೊಡ್ಡ ಸರಣಿ ಒಂದು ಬಂದಿತ್ತು. ಆ ಚಿತ್ರಗಳನ್ನು ಮುಂದೆ ಇಟ್ಟುಕೊಂಡು ಒಂದೊಂದಕ್ಕೂ ಲ್ಯಾಟಿನ್ ಹೆಸರು ಕೊಡುತ್ತಾ ಹೋದರು. ಒಂದಕ್ಕೆ ಇಂಡಿಕಸ್, ಒಂದಕ್ಕೆ ಮಲಬಾರಿಕಸ್, ಒಂದಕ್ಕೆ ಕೊರೊನೇಟಸ್. ಒಂದೇ ದಿನ ನಾಮಕರಣ ಆದ ದಾಯಾದಿಗಳು ಅನ್ನಬಹುದು.

ಟಾರ್ಚ್_ಬಿಡದವ | ಸೆಪ್ಟೆಂಬರ್ 2

ಆಕಾಶ ಬಿದ್ದೀತು ಅಂತ ಕಾಲು ಮೇಲೆ ಮಾಡಿ ಮಲಗುತ್ತದಲ್ಲ, ಆ ಹಕ್ಕಿ ತಾನೇ? ಆಫ್ರಿಕಾದಲ್ಲೂ ಆಕಾಶ ಹಿಡಿಯೋ ಡ್ಯೂಟಿ ಇದಕ್ಕೇನಾ? 😄

ಅಥಿಬಯಲು | ಸೆಪ್ಟೆಂಬರ್ 2

@ಟಾರ್ಚ್_ಬಿಡದವ ಅಮ್ಮ ಡ್ರೈವರ್‌ಗೆ ಅದೇ ಕಥೆ ಹೇಳಿದರು, ಕನ್ನಡದಲ್ಲೇ. ಅವನು ಎಲ್ಲ ಅರ್ಥ ಆದವನ ಹಾಗೆ ತಲೆ ಆಡಿಸಿದ.

@ಬೈನಾಕ್ಯುಲರ್_ಭಟ್ಟ ಸರ್, ಮನೆತನ ಗೊತ್ತಾಯಿತು. ಆದರೆ ನೀರು ಬಿಟ್ಟಿದ್ದು ಯಾಕೆ?

ಜೋಬರ್ಗ್_ಅಕ್ಕ | ಸೆಪ್ಟೆಂಬರ್ 3

ನಾನು ಜೊಹಾನ್ಸ್‌ಬರ್ಗ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಇಲ್ಲಿ ಇದನ್ನು ನೋಡುವುದಕ್ಕೆ ಪಾರ್ಕಿಗೆ ಹೋಗಬೇಕಾಗಿಲ್ಲ ತಮ್ಮಾ. ರಸ್ತೆ ನಡುವಿನ ಹುಲ್ಲು, ಗಾಲ್ಫ್ ಮೈದಾನ, ಶಾಲೆ ಆಟದ ಬಯಲು, ಎಲ್ಲ ಕಡೆ ಇದೆ. ಇಲ್ಲಿನ ಆಫ್ರಿಕಾನ್ಸ್ ಭಾಷೆಯಲ್ಲಿ ಇದರ ಹೆಸರು ಕ್ರೂನ್‌ಕೀವೀಟ್. "ಕೀವೀಟ್" ಅನ್ನುವುದು ಕೂಗಿನಿಂದ ಬಂದ ಹೆಸರು, ನಾವು "ಟಿಟ್ಟಿಭ" ಅಂದ ಹಾಗೇ. ಬೆಳದಿಂಗಳಿದ್ದರೆ ರಾತ್ರಿ ಹನ್ನೆರಡಕ್ಕೂ ಕ್ರೀ ಕ್ರೀ ಕ್ರೀಪ್ ಅಂತ ಕಿರುಚಿಕೊಂಡು ಹಾರಾಡುತ್ತವೆ. ಹೊಸದಾಗಿ ಬಂದಾಗ ಪಕ್ಕದ ಮನೆಯ ಕಾರಿನ ಅಲಾರಂ ಅಂದುಕೊಂಡಿದ್ದೆ.

ನೀರು ಯಾಕೆ ಬಿಟ್ಟಿತು ಅಂತ ಕೇಳಿದ್ದೀರಿ. ನನಗೆ ಶಾಸ್ತ್ರ ಗೊತ್ತಿಲ್ಲ, ಕಣ್ಣಲ್ಲಿ ಕಂಡದ್ದನ್ನು ಹೇಳುತ್ತೇನೆ. ಇದಕ್ಕೆ ಬೇಕಾಗಿರುವುದು ಗೆದ್ದಲು. ಇಲ್ಲಿ ಹುಲ್ಲು ಕತ್ತರಿಸುವ ಒಂದು ಜಾತಿ ಗೆದ್ದಲು ಇದೆ. ನಮ್ಮ ಗೆದ್ದಲಿನ ಹಾಗೆ ಕತ್ತಲಲ್ಲಿ ಅಡಗಿ ಕೂರುವುದಿಲ್ಲ. ಹಾಡುಹಗಲೇ ತೂತಿನಿಂದ ಹೊರಬಂದು, ಒಣ ಹುಲ್ಲನ್ನು ತುಂಡು ಮಾಡಿ ಹೊತ್ತುಕೊಂಡು ಹೋಗುತ್ತದೆ. ಹುಲ್ಲು ತೆಳ್ಳಗಾಗಿ ನೆಲ ಕಾಣುವ ಕಡೆಯೇ ಜಾಸ್ತಿ. ಕೀವೀಟ್ ಅಲ್ಲಿ ಓಡುತ್ತದೆ, ನಿಲ್ಲುತ್ತದೆ, ಬಗ್ಗಿ ಹೆಕ್ಕುತ್ತದೆ. ಮತ್ತೆ ಓಡುತ್ತದೆ. ಹುಲ್ಲು ಮೊಣಕಾಲೆತ್ತರ ಬಂದರೆ ಓಡುವುದೂ ಆಗಲ್ಲ, ಗೆದ್ದಲು ಕಾಣುವುದೂ ಇಲ್ಲ. ಬೇಕಾದ ನೀರು ಬಹುಪಾಲು ಆ ಹುಳುಗಳಲ್ಲೇ ಸಿಗುತ್ತದೆ.

ಇನ್ನೊಂದು. ನಮ್ಮ ಬೀದಿಯ ಕೊನೆಗೆ ಒಂದು ಶಾಲೆ ಇದೆ, ಹೆಸರು ಬೇಡ. ಅದರ ಮೈದಾನದ ಮೂಲೆಯಲ್ಲಿ ಈಗ ಒಂದು ಜೋಡಿ ಮೊಟ್ಟೆ ಇಟ್ಟಿದೆ. ನಾನು ಆಗಸ್ಟ್ 21ಕ್ಕೆ ನೋಡಿದೆ. ಗೂಡು ಅಂತ ಹೇಳಲು ಏನೂ ಇಲ್ಲ. ನೆಲದಲ್ಲಿ ಅಂಗೈಯಷ್ಟು ತಗ್ಗು, ಒಳಗೆ ಒಣ ಹುಲ್ಲಿನ ಚೂರು, ಕಲ್ಲಿನ ಹರಳು, ಮೂರು ಮೊಟ್ಟೆ. ಗಂಡು ಹೆಣ್ಣು ಪಾಳಿ ಮೇಲೆ ಕೂರುತ್ತವೆ. ಮಧ್ಯಾಹ್ನ ಬಿಸಿಲು ಏರಿದರೆ ಕೂರುವುದಿಲ್ಲ, ಮೊಟ್ಟೆ ಮೇಲೆ ನಿಂತು ನೆರಳು ಕೊಡುತ್ತವೆ. ಛತ್ರಿ ಹಿಡಿದ ಹಾಗೆ.

ಮರ_ನೆಡೋಣ | ಸೆಪ್ಟೆಂಬರ್ 3

ಓದಿ ಬೇಜಾರಾಯಿತು. ಹುಲ್ಲು ಒಣಗಿ, ದನ ಮೇಯ್ದು, ನೆಲ ಬೋಳಾಗಿದೆ ಅಂತ ಎಲ್ಲರೂ ಹೇಳುತ್ತಿದ್ದೀರಿ. ಪಾಪ ಹಕ್ಕಿ ಬೇರೆ ದಾರಿ ಇಲ್ಲದೆ ಅಲ್ಲಿ ಬದುಕುತ್ತಿದೆ. ಅಂಥ ಜಾಗದಲ್ಲಿ ಮರ ಬೆಳೆಸಿ, ನಾಲ್ಕು ಹೊಂಡ ತೋಡಿದರೆ ಹಕ್ಕಿಗೂ ಒಳ್ಳೆಯದಲ್ವಾ?

ಬೈನಾಕ್ಯುಲರ್_ಭಟ್ಟ | ಸೆಪ್ಟೆಂಬರ್ 3

ದಯವಿಟ್ಟು ಬೇಡ! ಮರ ಬೆಳೆಸಿದರೆ ಅದು ಜಾಗ ಖಾಲಿ ಮಾಡುತ್ತದೆ. ಬೇರೆ ದಾರಿ ಇಲ್ಲದೆ ಅಲ್ಲಿ ಇರುವುದಲ್ಲ, ಹುಡುಕಿಕೊಂಡು ಬರುವುದೇ ಅಂಥ ಜಾಗಕ್ಕೆ. ಮೇಯ್ದ ಹುಲ್ಲು, ಸುಟ್ಟ ಹುಲ್ಲು, ಕತ್ತರಿಸಿದ ಹುಲ್ಲು. ಸುತ್ತ ಯಾರು ಬಂದರೂ ಕಾಣಬೇಕು. ಮರ ಅಂದರೆ ಅದಕ್ಕೆ ಗಿಡುಗ ಕೂರುವ ಕಂಬ.

ಸೆರೆಂಗೆಟಿಯ ದಕ್ಷಿಣದ ಗಿಡ್ಡ ಹುಲ್ಲಿನ ಬಯಲನ್ನೇ ತೆಗೆದುಕೊಳ್ಳಿ. ಅಲ್ಲಿ ಮರ ಇಲ್ಲದಿರುವುದಕ್ಕೆ ಯಾರೋ ಕಡಿದದ್ದು ಕಾರಣ ಅಲ್ಲ. ಗೊರೊಂಗೊರೊ ಕಡೆಯ ಜ್ವಾಲಾಮುಖಿಗಳ ಬೂದಿ ಬಿದ್ದೂ ಬಿದ್ದೂ ಆದ ನೆಲ ಅದು. ಮೇಲೆ ಫಲವತ್ತಾದ ತೆಳು ಮಣ್ಣು, ಸ್ವಲ್ಪ ಕೆಳಗೆ ಸಿಮೆಂಟಿನಂಥ ಗಟ್ಟಿ ಪದರ. ಮರದ ಬೇರು ಇಳಿಯುವುದಿಲ್ಲ. ಹುಲ್ಲಿನ ಬೇರಿಗೆ ಅಷ್ಟು ಸಾಕು. ಮಳೆಗಾಲದಲ್ಲಿ ಲಕ್ಷಗಟ್ಟಲೆ ವೈಲ್ಡ್‌ಬೀಸ್ಟ್ ಬಂದು ಅದನ್ನು ಕ್ಷೌರ ಮಾಡಿದ ಹಾಗೆ ಮೇಯುತ್ತವೆ. ಮನುಷ್ಯ ಗಾಲ್ಫ್ ಮೈದಾನ ಮಾಡುವುದಕ್ಕೆ ಎಷ್ಟೋ ಕಾಲ ಮೊದಲೇ ಈ ಹಕ್ಕಿಗೆ ಮೈದಾನ ಇತ್ತು. ಕಳೆದ ಶತಮಾನದಲ್ಲಿ ನಾವು ಮಾಡಿದ ಹುಲ್ಲುಹಾಸು, ವಿಮಾನ ನಿಲ್ದಾಣ, ದನದ ಬಯಲು ಎಲ್ಲ ಇದಕ್ಕೆ ಒಗ್ಗಿಕೊಂಡವು. ಹಾಗಾಗಿ ಇದರ ಸಂಖ್ಯೆ ಹೆಚ್ಚಿರಬೇಕು ಅಂತಲೇ ತಿಳಿದವರ ಲೆಕ್ಕ. ಅಳಿವಿನ ಪಟ್ಟಿಯಲ್ಲೂ ಚಿಂತೆ ಇಲ್ಲದ ಗುಂಪಿನಲ್ಲೇ ಇದೆ. ಮನುಷ್ಯನಿಂದ ಉಪಕಾರ ಆದ ಹಕ್ಕಿಗಳು ಎಷ್ಟು ಕಡಿಮೆ ನೋಡಿ, ಇದು ಅದರಲ್ಲೊಂದು.

ಮರ_ನೆಡೋಣ | ಸೆಪ್ಟೆಂಬರ್ 3

ಹಾಗಾದರೆ ಬಯಲೆಲ್ಲ ಬೋಳು ಮಾಡಿ ಅಂತೀರಾ? ನಾಳೆ ಯಾರಾದರೂ ಇದೇ ಮಾತು ಹಿಡಿದುಕೊಂಡು ಗೋಮಾಳ ಹಾಳು ಮಾಡಿದರೆ?

ಕುರಿಹಟ್ಟಿ | ಸೆಪ್ಟೆಂಬರ್ 4

ನಾನು ಚಳ್ಳಕೆರೆ ಕಡೆಯವನು. ಅಪ್ಪ ಕುರಿ ಮೇಯಿಸುತ್ತಿದ್ದರು, ನಾನೂ ಹತ್ತನೇ ಕ್ಲಾಸಿನವರೆಗೆ ರಜೆಯಲ್ಲಿ ಹೋಗುತ್ತಿದ್ದೆ. ಆಫ್ರಿಕಾ ನೋಡಿಲ್ಲ. ಕಾವಲು ಗೊತ್ತು.

ಕುರಿ ಮೇಯ್ದ ಜಾಗದಲ್ಲಿ ಒಂದು ಹಕ್ಕಿ, ಮೇಯದ ಜಾಗದಲ್ಲಿ ಇನ್ನೊಂದು. ಗಿಡ್ಡ ಹುಲ್ಲಿನಲ್ಲಿ ಹಳದಿ ಟಿಟ್ಟಿಭ, ನೆಲಗುಬ್ಬಿ. ಎತ್ತರದ ಹುಲ್ಲಿಗೆ ಹೋದರೆ ಗೌಜಲು, ಲಾವಕ್ಕಿ. ಅಪ್ಪ ಒಂದೇ ಕಡೆ ಎರಡು ವಾರ ನಿಲ್ಲಿಸುತ್ತಿರಲಿಲ್ಲ, ಹಟ್ಟಿ ಎಬ್ಬಿಸುತ್ತಿದ್ದರು. ಹಿಂದೆ ಉಳಿದ ಜಾಗ ಗಿಡ್ಡ, ಮುಂದಿನ ಜಾಗ ಎತ್ತರ. ಬಯಲು ತೇಪೆ ಹಾಕಿದ ಕೌದಿ ಇದ್ದ ಹಾಗೆ ಇತ್ತು. ಈಗ ಒಂದೇ ಕಡೆ ಹತ್ತು ಹಟ್ಟಿ ಕುರಿ ನಿಂತರೆ ಅದು ಬೇರೆ. ನೀವಿಬ್ಬರೂ ಹೇಳುತ್ತಿರುವುದು ಬೇರೆ ಬೇರೆ ವಿಷಯ. ಸುಮ್ನೆ ಜಗಳ ಆಡುತ್ತಿದ್ದೀರಿ.

ಮರದ ವಿಷಯಕ್ಕೆ ಬಂದರೆ, ನಮ್ಮ ಕಾವಲಿನ ಒಂದು ಕಡೆ ನೀಲಗಿರಿ ಹಾಕಿದರು. ಹಳದಿ ಟಿಟ್ಟಿಭ ಆ ಕಡೆ ಮತ್ತೆ ಕಂಡಿಲ್ಲ.

ಅಥಿಬಯಲು | ಸೆಪ್ಟೆಂಬರ್ 4

ಕೌದಿಯ ಮಾತು ಚೆನ್ನಾಗಿದೆ ಅಣ್ಣ. ಇಲ್ಲೂ ಹಾಗೇ ಕಂಡಿದೆ. ಉದ್ದ ಹುಲ್ಲಿನ ಕಡೆ ಹೋದರೆ ಈ ಹಕ್ಕಿ ಒಂದೂ ಇಲ್ಲ. ಜೀಬ್ರಾ ಹಿಂಡು ಮೇಯ್ದ ಕಡೆ ಆರೇಳು. ಪಾರ್ಕಿನ ಒಂದು ಕಡೆ ಹುಲ್ಲು ಸುಟ್ಟಿದ್ದರು, ಅಲ್ಲಿ ಇನ್ನೂ ಹೆಚ್ಚು. ಅವುಗಳ ನಡುವೆ ಇನ್ನೊಂದು ಚಿಕ್ಕ ಹಕ್ಕಿ, ಕಂದು ಮೈ, ಹೊಟ್ಟೆ ಮೇಲೆ ಕಪ್ಪು ಮಚ್ಚೆ. ಅದು ಟೆಮಿಂಕ್ ಕೋರ್ಸರ್ ಅಂತೆ.

ಬೈನಾಕ್ಯುಲರ್_ಭಟ್ಟ | ಸೆಪ್ಟೆಂಬರ್ 4

ಸರಿಯಾಗಿ ಗುರುತಿಸಿದ್ದೀರಿ. ಕೋರ್ಸರ್‌ಗೆ ಸುಟ್ಟ ನೆಲ ಅಂದರೆ ಪ್ರಾಣ. ಅದರ ಮೊಟ್ಟೆಯೂ ಕಪ್ಪು ಗೀಚು ತುಂಬಿ ಇದ್ದಿಲಿನ ಹಾಗೆ ಕಾಣುತ್ತದೆ, ಬೂದಿಯಲ್ಲಿ ಇಟ್ಟರೆ ಹುಡುಕುವುದು ಕಷ್ಟ.

ಮೊಟ್ಟೆ ಬಣ್ಣದ ಬಗ್ಗೆ ಜಾಂಬಿಯಾದಲ್ಲಿ ನಡೆದ ಒಂದು ಕೆಲಸ 2016ರಲ್ಲಿ ಪ್ರಕಟವಾಯಿತು. ಎಕ್ಸೆಟರ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯದವರು ಮಾಡಿದ್ದು. ನೆಲದಲ್ಲಿ ಮೊಟ್ಟೆ ಇಡುವ ನತ್ತಿಂಗ, ಟಿಟ್ಟಿಭ, ಕೋರ್ಸರ್‌ಗಳ ಗೂಡುಗಳನ್ನು ಫೋಟೋ ತೆಗೆದು, ಬೇಟೆಗಾರ ಪ್ರಾಣಿಯ ಕಣ್ಣಿಗೆ ಹೇಗೆ ಕಾಣುತ್ತದೆ ಅಂತ ಲೆಕ್ಕ ಹಾಕಿದರು. ನತ್ತಿಂಗ ಕೊನೇ ಗಳಿಗೆಯವರೆಗೆ ಮೊಟ್ಟೆ ಮೇಲೆ ಕದಲದೆ ಕೂರುತ್ತದೆ. ಹಾಗಾಗಿ ಅದಕ್ಕೆ ಮುಖ್ಯ ಆಗುವುದು ತಾಯಿಯ ಮೈಬಣ್ಣ. ಟಿಟ್ಟಿಭ, ಕೋರ್ಸರ್ ಹಾಗಲ್ಲ. ಶತ್ರು ದೂರದಲ್ಲಿದ್ದಾಗಲೇ ಎದ್ದು ಹೋಗುತ್ತವೆ. ಆಮೇಲೆ ಮೊಟ್ಟೆಯನ್ನು ಕಾಯುವುದು ಮೊಟ್ಟೆಯ ಬಣ್ಣವೇ. ನೆಲಕ್ಕೆ ಚೆನ್ನಾಗಿ ಹೊಂದಿದ ಮೊಟ್ಟೆ ಉಳಿಯುವುದು ಜಾಸ್ತಿ ಅಂತ ಕಂಡುಬಂತು.

ಬಯಲು ಯಾಕೆ ಬೇಕು ಅನ್ನುವ ನಿಮ್ಮ ಪ್ರಶ್ನೆಗೂ ಇದರಲ್ಲಿ ಉತ್ತರ ಇದೆ. ದೂರದಿಂದ ಕಂಡರೆ ತಾನೇ ಬೇಗ ಎದ್ದು ಹೋಗಲು ಆಗುವುದು? ಎತ್ತರದ ಹುಲ್ಲಿನಲ್ಲಿ ಮುಂಗುಸಿ ಮೂಗಿನ ಹತ್ತಿರ ಬಂದ ಮೇಲೆ ಗೊತ್ತಾದರೆ ಕೆಲಸ ಕೆಟ್ಟಿತು.

ಟಾರ್ಚ್_ಬಿಡದವ | ಸೆಪ್ಟೆಂಬರ್ 4

ಭಟ್ರೇ, ನಮ್ಮ ಮನೆ ಹತ್ತಿರದ ಕೆರೆ ಏರಿ ಮೇಲೆ ಕೂಗುವುದು ಕೆಂಪು ಟಿಟ್ಟಿಭ. ಅದು ನೀರು ಬಿಟ್ಟು ಹೋಗಲ್ಲ. ಒಂದೇ ಕುಲ ಅಂತೀರಿ, ಮತ್ತೆ ಹೇಗೆ?

ಬೈನಾಕ್ಯುಲರ್_ಭಟ್ಟ | ಸೆಪ್ಟೆಂಬರ್ 4

ಒಳ್ಳೆ ಪ್ರಶ್ನೆ. ಹಂಚಿಕೊಂಡಿವೆ ಅಂದುಕೊಳ್ಳಿ. ನಮ್ಮಲ್ಲಿ ಕೆಂಪಿನದು ಕೆರೆ, ಗದ್ದೆ ಕಡೆ. ಹಳದಿಯದು ಒಣ ಬಯಲು. ಹೆಸರಘಟ್ಟದ ಹುಲ್ಲುಗಾವಲಿಗೆ ಬೇಸಿಗೆಯಲ್ಲಿ ಹೋದರೆ ಈ ಭಾಗ ಮಾಡಿಕೊಂಡದ್ದು ಚೆನ್ನಾಗಿ ಕಾಣುತ್ತದೆ. ಆಫ್ರಿಕಾದಲ್ಲಿ ಕೆರೆ ಅಂಚಿಗೆ ಬ್ಲ್ಯಾಕ್‌ಸ್ಮಿತ್ ಟಿಟ್ಟಿಭ ಇದೆ. ಕಪ್ಪು, ಬಿಳಿ, ಬೂದು ಬಣ್ಣ. ಕಮ್ಮಾರ ಸುತ್ತಿಗೆ ಬಡಿದ ಹಾಗೆ ಟಿಂಕ್ ಟಿಂಕ್ ಅನ್ನುತ್ತದೆ, ಅದಕ್ಕೇ ಆ ಹೆಸರು. ಒಣ ಬಯಲು ಕಿರೀಟದವನ ಪಾಲು. ದಕ್ಷಿಣ ಆಫ್ರಿಕಾದ ರೈತರು ಹೊಲದಲ್ಲಿ ಕೆರೆ ಕಟ್ಟುತ್ತಾ ಹೋದ ಹಾಗೆ ಬ್ಲ್ಯಾಕ್‌ಸ್ಮಿತ್ ಕೂಡ ಕೇಪ್ ಕಡೆಗೆ ಹರಡಿಕೊಂಡಿತು.

ಒಂದು ಕುಶಾಲಿನ ವಿಷಯ. ಹಳದಿ ಟಿಟ್ಟಿಭದ ತಲೆ ನೋಡಿ. ಕಪ್ಪು ಟೋಪಿ, ಕೆಳಗೆ ಬಿಳಿ ಗೆರೆ. ಕೊಕ್ಕಿನ ಹತ್ತಿರದ ಹಳದಿ ಚರ್ಮ ತೆಗೆದುಬಿಟ್ಟರೆ ಕಿರೀಟದವನಿಗೆ ಸಾಕಷ್ಟು ಹತ್ತಿರ ಬರುತ್ತದೆ. ಅಮ್ಮನವರು ಕಂಡದ್ದು ಇದನ್ನೇ ಇರಬೇಕು. ಯಾವ ಊರು ಅವರದು?

ಅಥಿಬಯಲು | ಸೆಪ್ಟೆಂಬರ್ 5

ಮಧುಗಿರಿ ಹತ್ತಿರ ಸರ್. ಕೆರೆ ತುಂಬಿದ್ದನ್ನು ಅಮ್ಮ ನೋಡಿದ್ದೇ ಕಡಿಮೆ. ಹಾಗಾದರೆ ನೀವು ಹೇಳಿದ್ದೇ ಸರಿ.

ಲೆನ್ಸ್_ಲೋಕ | ಸೆಪ್ಟೆಂಬರ್ 6

@ಜೋಬರ್ಗ್_ಅಕ್ಕ ಮುಂದಿನ ವಾರ ಕೆಲಸದ ಮೇಲೆ ಅಲ್ಲಿಗೆ ಬರುತ್ತಿದ್ದೇನೆ. ಗೂಡಿನ ಜಾಗ ಹೇಳಿದರೆ ಒಂದೆರಡು ಕ್ಲೋಸಪ್ ತೆಗೆದುಕೊಳ್ಳುತ್ತೇನೆ. ಹತ್ತು ನಿಮಿಷ ಸಾಕು.

ಜೋಬರ್ಗ್_ಅಕ್ಕ | ಸೆಪ್ಟೆಂಬರ್ 6

ಹೇಳಲ್ಲ. ಬೇಜಾರು ಮಾಡಿಕೊಳ್ಳಬೇಡಿ. ನೀವು ಹತ್ತು ನಿಮಿಷ ನಿಂತರೆ ಅದು ಹತ್ತು ನಿಮಿಷ ಗೂಡು ಬಿಟ್ಟು ಕಿರುಚುತ್ತಾ ಇರುತ್ತದೆ. ಬಿಸಿಲಿಗೆ ಮೊಟ್ಟೆ ಕಾಯುತ್ತದೆ, ಮೇಲಿಂದ ಕಾಗೆ ನೋಡುತ್ತಾ ಇರುತ್ತದೆ. ದೊಡ್ಡ ಹಕ್ಕಿಯ ಫೋಟೋ ಬೇಕಾದರೆ ಇಲ್ಲಿಗೆ ಬಂದು ಯಾವ ಗಾಲ್ಫ್ ಮೈದಾನದ ಬೇಲಿ ಹತ್ತಿರವಾದರೂ ನಿಲ್ಲಿ. ಅದೇ ಬಂದು ಬೈಯುತ್ತದೆ, ಬೇಕಾದಷ್ಟು ತೆಗೆದುಕೊಳ್ಳಿ.

ನಿನ್ನೆ ನಡೆದದ್ದು ಹೇಳಬೇಕು. ಮೈದಾನದ ಕೆಲಸದವರು ಟ್ರ್ಯಾಕ್ಟರಿನಲ್ಲಿ ಹುಲ್ಲು ಕತ್ತರಿಸುತ್ತಾ ಆ ಮೂಲೆಗೆ ಬಂದರು. ಹಕ್ಕಿ ಎದ್ದು ಹಾರಿಹೋಗುವ ಬದಲು ಮೊಟ್ಟೆ ಮುಂದೆ ನಿಂತು, ಎರಡೂ ರೆಕ್ಕೆ ಅಗಲ ಮಾಡಿ, ಟ್ರ್ಯಾಕ್ಟರಿಗೇ ಗದರಿತು. ಇಡೀ ಹಕ್ಕಿ ಇರುವುದೇ ಸುಮಾರು 30 ಸೆಂಟಿಮೀಟರ್. ಇನ್ನೊಂದು ಮೇಲಿಂದ ತಲೆ ಮೇಲೆಯೇ ಎರಗಿತು. ಆ ಯಜಮಾನರು ಎಂಜಿನ್ ಆಫ್ ಮಾಡಿ, ಇಳಿದು, ಟೋಪಿ ತೆಗೆದು ನಕ್ಕರು. ಮೊಟ್ಟೆ ಉಳಿಯಿತು. ಇಲ್ಲಿಯವರೆಗೆ ಚೆನ್ನಾಗಿತ್ತು.

ಆಮೇಲೆ ಶಾಲೆಯವರಿಗೆ ಪ್ರೀತಿ ಜಾಸ್ತಿ ಆಯಿತು. ಗೂಡಿನ ಸುತ್ತ ಆಟದ ಕಿತ್ತಳೆ ಬಣ್ಣದ ಕೋನ್‌ಗಳನ್ನು ಇಟ್ಟರು. ಆ ಸುತ್ತಿನೊಳಗೆ ಹುಲ್ಲು ಕತ್ತರಿಸಬೇಡಿ ಅಂದರು. ಸ್ಪ್ರಿಂಕ್ಲರ್ ಆ ಕಡೆ ತಿರುಗಿಸಿದರು, ಪಾಪ ಬಾಯಾರುತ್ತದೆ ಅಂತ.

ಕುರಿಹಟ್ಟಿ | ಸೆಪ್ಟೆಂಬರ್ 6

ಅಯ್ಯೋ.

ಬೈನಾಕ್ಯುಲರ್_ಭಟ್ಟ | ಸೆಪ್ಟೆಂಬರ್ 6

ಅಕ್ಕ, ನಾಳೆಯೇ ಹೋಗಿ ಹೇಳಿ. ನೀರು ಮೊದಲು ನಿಲ್ಲಿಸಲಿ. ನಮ್ಮ ಕೆಂಪು ಟಿಟ್ಟಿಭ ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು ಮೊಟ್ಟೆ ತಂಪು ಮಾಡುವುದುಂಟು. ಅದು ಹಕ್ಕಿಯ ಲೆಕ್ಕ, ಬೇಕಾದಾಗ ಬೇಕಾದಷ್ಟು. ಸ್ಪ್ರಿಂಕ್ಲರ್‌ಗೆ ಆ ಲೆಕ್ಕ ಇಲ್ಲ. ಕೋನ್ ಕೂಡ ತೆಗೆಯಲಿ. ಹತ್ತು ಹೆಜ್ಜೆ ದೂರದಲ್ಲಿ ಒಂದೇ ಒಂದು ಗೂಟ ಸಾಕು, ಟ್ರ್ಯಾಕ್ಟರಿನವರಿಗೆ ಮಾತ್ರ ಗೊತ್ತಾಗುವ ಹಾಗೆ.

ಜೋಬರ್ಗ್_ಅಕ್ಕ | ಸೆಪ್ಟೆಂಬರ್ 8

ಹೋಗಿ ಹೇಳಿದೆ. ಕಚೇರಿಯಲ್ಲಿದ್ದವರು ಮೊದಲು ಒಪ್ಪಲಿಲ್ಲ. ಮಕ್ಕಳು ಆ ಸುತ್ತಿಗೆ ಬಣ್ಣದ ಬೋರ್ಡ್ ಬೇರೆ ಬರೆದಿದ್ದರು. ಕೊನೆಗೆ ಟ್ರ್ಯಾಕ್ಟರಿನ ಯಜಮಾನರೇ ನನ್ನ ಪರ ಮಾತಾಡಿದರು. ಅವರ ಊರಿನಲ್ಲಿ ದನ ಕಾಯುವಾಗ ಈ ಹಕ್ಕಿ ನೋಡಿಯೇ ಬೆಳೆದವರಂತೆ. ನೀರು ನಿಂತಿತು, ಕೋನ್ ಹೋಯಿತು. ಆದರೆ ಎರಡು ದಿನ ತಡ ಆಗಿತ್ತು. ಇವತ್ತು ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡಿದರೆ ಎರಡೇ ಮೊಟ್ಟೆ.

ಮರ_ನೆಡೋಣ | ಸೆಪ್ಟೆಂಬರ್ 8

ಛೆ. ನಾನಾಗಿದ್ದರೂ ಕೋನ್ ಇಡುತ್ತಿದ್ದೆ, ನೀರೂ ಬಿಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ಅಥಿಬಯಲು | ಸೆಪ್ಟೆಂಬರ್ 15

ಏನಾದರೂ ಸುದ್ದಿ ಇದೆಯಾ ಅಕ್ಕ? ಅಮ್ಮ ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ.

ಜೋಬರ್ಗ್_ಅಕ್ಕ | ಸೆಪ್ಟೆಂಬರ್ 15

ಇನ್ನೂ ಕೂತಿವೆ. ಒಟ್ಟು ಒಂದು ತಿಂಗಳು ಹಿಡಿಯುತ್ತದೆ.

ಜೋಬರ್ಗ್_ಅಕ್ಕ | ಸೆಪ್ಟೆಂಬರ್ 19

ಎರಡೂ ಒಡೆದವು!! ಬೆಳಗ್ಗೆ ಏಳಕ್ಕೆ ನೋಡಿದಾಗ ಒಂದು ಮರಿ ತಾಯಿಯ ಹೊಟ್ಟೆ ಕೆಳಗಿಂದ ಇಣುಕುತ್ತಿತ್ತು. ಹತ್ತಿ ಉಂಡೆಗೆ ಕಡ್ಡಿ ಚುಚ್ಚಿದ ಹಾಗೆ. ಸಂಜೆ ಹೊತ್ತಿಗೆ ಗೂಡು ಖಾಲಿ. ಮೈದಾನದ ಬೇಲಿ ಸಂದಿಯಿಂದ ಪಕ್ಕದ ಖಾಲಿ ಸೈಟಿಗೆ ನಡೆದು ಹೋಗಿದ್ದವು. ಜುಲೈನಲ್ಲಿ ಬೆಂಕಿ ಬಿದ್ದು ಕಪ್ಪಾಗಿದ್ದ ಸೈಟ್ ಅದು. ಈಗ ಅಲ್ಲಲ್ಲಿ ಹಸಿರು ಚಿಗುರು ಬಂದಿದೆ. ನಮ್ಮ ಬೀದಿಯವರೆಲ್ಲ ಅದನ್ನು ನೋಡಿ ಗಲೀಜು ಅಂತ ದೂರು ಕೊಟ್ಟಿದ್ದೆವು. ನನ್ನ ಸಹಿಯೂ ಅದರಲ್ಲಿದೆ.

ಅಪಾಯ ಅಂತ ಅಪ್ಪ ಅಮ್ಮ ಕೂಗಿದರೆ ಮರಿಗಳು ಇದ್ದಲ್ಲೇ ಬೊಕ್ಕಬೋರಲು ಬಿದ್ದುಬಿಡುತ್ತವೆ. ಆಮೇಲೆ ನಾನೆಷ್ಟು ಕಣ್ಣು ಕಿರಿದು ಮಾಡಿದರೂ ಕಾಣಲಿಲ್ಲ. ಹಾರಲು ಇನ್ನೂ ಒಂದು ತಿಂಗಳು ಬೇಕು.

ಕುರಿಹಟ್ಟಿ | ಸೆಪ್ಟೆಂಬರ್ 19

ದೂರು ವಾಪಸ್ ತಗೊಳ್ಳಿ ಅಕ್ಕ, ಕ್ಲೀನ್ ಮಾಡಲು ಬಂದರೆ ಕಷ್ಟ.

ಜೋಬರ್ಗ್_ಅಕ್ಕ | ಸೆಪ್ಟೆಂಬರ್ 19

ಈಗಷ್ಟೇ ಮೇಲ್ ಕಳಿಸಿದೆ.

ಅಥಿಬಯಲು | ಸೆಪ್ಟೆಂಬರ್ 20

ಅಮ್ಮನಿಗೆ ಫೋನಿನಲ್ಲಿ ಎಲ್ಲ ಓದಿ ಹೇಳಿದೆ. "ಮೂರನೇದು ಏನಾಯಿತು?" ಅಂದರು. ಕಾಗೆ ತಿಂದಿರಬೇಕು ಅಂದೆ. "ಅಲ್ಲೂ ಕಾಗೆ ಇದೆಯಾ?" ಅಂದರು.

ಜೋಬರ್ಗ್_ಅಕ್ಕ | ಸೆಪ್ಟೆಂಬರ್ 20

ಇದೆ ಅಂತ ಹೇಳಿ. ಎದೆ ಮಾತ್ರ ಬಿಳಿ, ಬನಿಯನ್ ಹಾಕಿಕೊಂಡ ಹಾಗೆ. ಬುದ್ಧಿ ನಮ್ಮೂರಿನದ್ದೇ.